ಸುಂಕದವನ ಮುಂದೆ ಸಾವಿನ ಸುದ್ದಿ

ನಮ್ಮಲ್ಲಿ ವಾರಸಾ ತೆರಿಗೆಯ ಮಾತು ಎದ್ದಾಗಲೆಲ್ಲ ಒಂದು ಸುಲಭವಾದ ಉತ್ತರ ಸಿದ್ಧವಾಗಿರುತ್ತದೆ: ‘ಸತ್ತವರ ಆಸ್ತಿಯ ಮೇಲೆ ಸುಂಕ ಹೇರುವುದು ಬ್ರಿಟಿಷರ ಪದ್ಧತಿ, ಅದು ತೊಲಗಿತು, ಒಳ್ಳೆಯದೇ ಆಯಿತು.’ 2024 ರ ಲೋಕಸಭಾ ಚುನಾವಣೆಯ ಗದ್ದಲದಲ್ಲಿ ಸ್ಯಾಮ್ ಪಿತ್ರೋಡಾ ಅವರು ಅಮೆರಿಕೆಯ ವಾರಸಾ ತೆರಿಗೆಯ ಪ್ರಸ್ತಾಪ ಮಾಡಿದಾಗ ಈ ಉತ್ತರವನ್ನು ನಾನು ರೈಲಿನಲ್ಲಿ ಕೇಳಿದೆ, ಮದುವೆಯ ಪಂಕ್ತಿಯಲ್ಲಿ ಕೇಳಿದೆ, ಓದಿಕೊಂಡ ಮಿತ್ರರ ಬಾಯಿಂದಲೂ ಕೇಳಿದೆ. ಕೇಳಿದಾಗಲೆಲ್ಲ ಸುಮ್ಮನಿದ್ದು ಸಾಕಾಗಿದೆ. ಆದುದರಿಂದ ಈ ಲೇಖನ.

ಆ ಉತ್ತರದಲ್ಲಿ ಒಂದಲ್ಲ, ಎರಡು ತಪ್ಪುಗಳಿವೆ. ಬ್ರಿಟಿಷರು ನಮ್ಮ ಹಳ್ಳಿಗಳಲ್ಲಿ ಹಾಕಿದ್ದು ಸಿರಿವಂತಿಕೆಯ ಮೇಲಿನ ಸುಂಕವಲ್ಲ. ಅವರು ಹಾಕಿದ್ದು ತೊಲಗಿಯೂ ಇಲ್ಲ. ತೊಲಗಿದ್ದು ಸ್ವತಂತ್ರ ಭಾರತ ತಾನಾಗಿ ವಿಚಾರಮಾಡಿ ಸಿರಿವಂತರ ಮೇಲೆ ಹಾಕಿದ ಸುಂಕ. ಉಳಿದಿರುವುದು ಪರಕೀಯರು ವಿಧವೆಯರ ಮೇಲೆ, ಹೆಣ್ಣುಮಕ್ಕಳ ಮೇಲೆ, ದಿಕ್ಕಿಲ್ಲದ ವಾರಸುದಾರರ ಮೇಲೆ ಹಾಕಿಹೋದ ಸುಂಕ. ಕೀಳಬೇಕಾದ ಕಳೆಯನ್ನು ಬಿಟ್ಟು ಪೈರನ್ನು ಕಿತ್ತ ಒಕ್ಕಲಿಗನನ್ನು ಯಾರೂ ಜಾಣನೆನ್ನರು.

ಇದಕ್ಕೆ ಸಾಕ್ಷಿ ಹುಡುಕಲು ದೂರ ಹೋಗಬೇಕಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ—ಇಂದಿನ ವಿಜಯಪುರ ಜಿಲ್ಲೆಯ ಈ ನಾಲ್ಕು ಹಳೆಯ ತಾಲೂಕುಗಳೇ ಸಾಕು. ಈಚೆಗೆ ಇವುಗಳನ್ನು ಒಡೆದು ಚಡಚಣ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ ಮೊದಲಾದ ಹೊಸ ತಾಲೂಕುಗಳನ್ನು ಮಾಡಿದ್ದಾರೆ. ಆದರೆ ನಾನು ಹೇಳುವ ಕಾಲಕ್ಕೆ ಹಳೆಯ ನಾಲ್ಕು ಹೆಸರುಗಳೇ ಸರಿ. ‘ಡೋಣಿ ಬೆಳೆದರೆ ಓಣೆಲ್ಲ ಕಾಳು’ ಎನ್ನುವ ಸೀಮೆ ಇದು. ಎರೆಭೂಮಿ, ಬಿಳಿಜೋಳ, ಕೈಕೊಡುವ ಮಳೆ. ಸುಗ್ಗಿಗೆ ತೀರಿಸುವ ಭರವಸೆಯ ಮೇಲೆ ಸಾಲ. ಇಲ್ಲಿ ಮನುಷ್ಯ ಸತ್ತಾಗ ಮನೆಯಲ್ಲಿ ಬಂಗಾರ ಉಳಿಯುವುದು ಅಪರೂಪ; ಉಳಿಯುವುದು ಕೊಡಬೇಕಾದ ಸಾಲ, ಬರಬೇಕಾದ ಸಾಲ, ಮತ್ತು ಸತ್ತವನ ಹೆಸರಿನಲ್ಲಿರುವ ಹೊಲ.

ಹಳೆಯ ಅರಸರು ಸಾಧುಗಳಾಗಿದ್ದರೆಂದು ನಾನು ಹೇಳುವುದಿಲ್ಲ. ಮೊಗಲರಲ್ಲಿ ಸರದಾರನೊಬ್ಬ ಸತ್ತರೆ ಅವನ ಸ್ವತ್ತಿಗೆ ಬಾದಶಹನೇ ಕೈಹಚ್ಚುತ್ತಿದ್ದುದನ್ನು ಫ್ರೆಂಚ್ ಪ್ರವಾಸಿ ಬರ್ನಿಯರ್ ಬರೆದಿಟ್ಟಿದ್ದಾನೆ. ಬಾಗೇವಾಡಿಯ ಬಸವಣ್ಣನವರ ಶತಮಾನದಲ್ಲೇ ಗುಜರಾತವನ್ನಾಳಿದ ಕುಮಾರಪಾಲನು ಗಂಡುಮಕ್ಕಳಿಲ್ಲದೆ ಸತ್ತವರ ಆಸ್ತಿಯನ್ನು ಕಸಿಯುವ ರೂಢಿಯನ್ನು ಬಿಟ್ಟನೆಂದು ಜೈನ ಗ್ರಂಥಗಳು ಹೊಗಳುತ್ತವೆ. ಬಿಟ್ಟುದಕ್ಕಾಗಿ ಹೊಗಳಬೇಕಾಯಿತೆಂದಮೇಲೆ ಉಳಿದ ಅರಸರು ಏನು ಮಾಡುತ್ತಿದ್ದರೆಂಬುದನ್ನು ವಾಚಕರು ಊಹಿಸಬಹುದು. ಆದರೆ ಅರಸನ ಲೋಭ ಅರಸನೊಡನೆ ಮುಗಿಯುತ್ತಿತ್ತು. ಕಂಪನಿಯ ಸರಕಾರವು ಲೋಭವನ್ನು ಕಾನೂನಿನ ಕಲಮುಗಳಲ್ಲಿ ಬರೆಯಿತು. ಬರೆದುದು ಬರೆದವರಿಗಿಂತ ಹೆಚ್ಚು ಕಾಲ ಬಾಳುತ್ತದೆ.

ಅವರ ವ್ಯವಸ್ಥೆಯಲ್ಲಿ ಮೂರು ಮೆಟ್ಟಿಲುಗಳಿದ್ದವು. ಮೇಲಿನ ಮೆಟ್ಟಿಲು ರಾಜರದು. 1818 ರಲ್ಲಿ ಪೇಶವೆ ಬಿದ್ದಮೇಲೆ ವಿಜಾಪುರ ಪಟ್ಟಣವನ್ನೂ ಅದರ ಸುತ್ತಲಿನ ಸೀಮೆಯನ್ನೂ ಇಂಗ್ಲಿಷರು ಸಾತಾರದ ರಾಜನಿಗೆ ಬಿಟ್ಟುಕೊಟ್ಟಿದ್ದರು. 1848 ರಲ್ಲಿ ರಾಜಾ ಶಹಾಜಿ ಔರಸ ಸಂತಾನವಿಲ್ಲದೆ ತೀರಿಕೊಂಡ; ಸಾಯುವ ಮುನ್ನ ದತ್ತಕ ತೆಗೆದುಕೊಂಡಿದ್ದ. ಲಾರ್ಡ್ ಡಾಲ್‌ಹೌಸಿ ಆ ದತ್ತಕವನ್ನು ಒಪ್ಪದೆ ರಾಜ್ಯವನ್ನೇ ಕಂಪನಿಗೆ ಸೇರಿಸಿಕೊಂಡ. ಗೋಲಗುಮ್ಮಟವಿರುವ ಊರು ಇಂಗ್ಲಿಷರಿಗೆ ಬಂದದ್ದು ಯುದ್ಧದಲ್ಲಿ ಗೆದ್ದು ಅಲ್ಲ; ಸತ್ತವನ ಮನೆಯಲ್ಲಿ ವಾರಸುದಾರನನ್ನು ಹೊರಗೆ ನಿಲ್ಲಿಸಿ. ನೂರಕ್ಕೆ ನೂರು ತೆಗೆದುಕೊಂಡ ಮೃತ್ಯುಕರ ಇದು. ಇದರ ತಾಲೀಮು ಕಿತ್ತೂರಿನಲ್ಲಿ ಮೊದಲೇ ಆಗಿತ್ತು: 1824 ರಲ್ಲಿ ಶಿವಲಿಂಗರುದ್ರಸರ್ಜ ತೀರಿಕೊಂಡಾಗ ದತ್ತಕವನ್ನು ಧಾರವಾಡದ ಕಲೆಕ್ಟರ ಥ್ಯಾಕರೆ ಮಾನ್ಯಮಾಡಲಿಲ್ಲ, ಮುಂದಿನ ಕತೆ ಕನ್ನಡಿಗರಿಗೆಲ್ಲ ಗೊತ್ತು. ಅದೇ 1824 ರಲ್ಲಿ ಸಿಂದಗಿಯಲ್ಲಿ ದಿವಾಕರ ದೀಕ್ಷಿತನೆಂಬವನು ದಂಗೆಯೆದ್ದು, ತನ್ನದೇ ಠಾಣೆ ಹಾಕಿ, ಕಂದಾಯ ವಸೂಲಿಗೆ ನಿಂತದ್ದು ಮಾತ್ರ ಕಿತ್ತೂರಿನ ಪ್ರಭೆಯಲ್ಲಿ ಮರೆತುಹೋಗಿದೆ.

ನಡುವಿನ ಮೆಟ್ಟಿಲು ಇನಾಮದಾರರದು. ಕಂದಾಯವಿಲ್ಲದೆಯೋ ಅಲ್ಪ ಕಂದಾಯಕ್ಕೋ ಭೂಮಿ ಅನುಭವಿಸುತ್ತಿದ್ದ ಇವರ ಹಕ್ಕಿನ ಕಾಗದಗಳನ್ನು 1852 ರ ಕಾನೂನಿನ ಇನಾಮ ಕಮಿಶನ್ ಒಂದೊಂದಾಗಿ ಬಿಡಿಸಿ ನೋಡಿತು. ಅಜ್ಜನಿಗೆ ಕೊಟ್ಟ ಸನದು ಎಲ್ಲಿ, ಮೊಮ್ಮಗನಿಗೆ ನಡೆಯುತ್ತದೆಂದು ಎಲ್ಲಿ ಬರೆದಿದೆ ಎಂದು ಕೇಳಿತು. ಗೆದ್ದಲು ತಿಂದ ಕಾಗದ ತೋರಿಸಲಾರದವನು ಭೂಮಿಯನ್ನು ಕಳೆದುಕೊಂಡ. ಆ ಸಿಟ್ಟಿಗೂ, ನರಗುಂದದ ದೊರೆಗೆ ದತ್ತಕ ನಿರಾಕರಿಸಿದ ಸಿಟ್ಟಿಗೂ 1858 ರಲ್ಲಿ ನಮ್ಮ ಸೀಮೆ ಹೊತ್ತಿಕೊಂಡಿತು. ಸರಕಾರ ಬುದ್ಧಿ ಕಲಿಯಿತು; ದಯೆಯನ್ನಲ್ಲ, ಜಾಣತನವನ್ನು. ಮುಂಬಯಿಯ 1863 ರ ಎರಡನೆಯ ಕಾನೂನು ಇನಾಮದಾರರೊಡನೆ ರಾಜಿ ಮಾಡಿಕೊಂಡಿತು: ಕಾಗದ ಕೇಳುವುದಿಲ್ಲ, ಭೂಮಿ ನಿಮ್ಮ ವಂಶಕ್ಕೆ ನಡೆಯಲಿ, ಆದರೆ ಪೂರ್ಣ ಕಂದಾಯದ ನಾಲ್ಕನೆಯ ಒಂದು ಪಾಲು ಕೊಡಿ, ಅದರ ಮೇಲೆ ಆಕಾರದ ಪ್ರತಿ ರೂಪಾಯಿಗೆ ಒಂದು ಆಣೆ ‘ನಜರಾಣೆ’ ಕೊಡಿ. ನಜರಾಣೆಯೆಂದರೆ ಹಿಂದೆ ಇನಾಮದಾರ ಸತ್ತಾಗ ಮಗ ಸರಕಾರಕ್ಕೆ ಸಲ್ಲಿಸುತ್ತಿದ್ದ ಕಾಣಿಕೆ. ಈಗ ಅದು ಸಾವಿನ ದಾರಿ ಕಾಯುವುದನ್ನು ಬಿಟ್ಟು ವರ್ಷವರ್ಷವೂ ಬರತೊಡಗಿತು. 160 ರೂಪಾಯಿ ಆಕಾರದ ಹೊಲವಿದ್ದವನು ವರ್ಷಕ್ಕೆ 10 ರೂಪಾಯಿಯಂತೆ ತನ್ನ ಮುಂದಿನ ಸಾವಿನ ಸುಂಕವನ್ನು ಬದುಕಿದ್ದಾಗಲೇ ಕಂತಿನಲ್ಲಿ ತೀರಿಸಿದ. ಇದಕ್ಕಿಂತ ಅಚ್ಚುಕಟ್ಟಾದ ಲೆಕ್ಕವನ್ನು ನಾನು ಕಂಡಿಲ್ಲ.

ರಾಜರಿಗಾಗಿ, ಇನಾಮದಾರರಿಗಾಗಿ ನಾನು ಕಣ್ಣೀರಿಡಲಾರೆ. ಅವರಿಗೆ ದಂಗೆಯೇಳುವ ಶಕ್ತಿಯಿತ್ತು, ಅರ್ಜಿ ಬರೆಸುವ ಶಕ್ತಿಯಿತ್ತು. ಸರಕಾರ ಅವರೊಡನೆ ರಾಜಿ ಮಾಡಿಕೊಂಡಿತು. ನನ್ನ ತಕರಾರು ಇರುವುದು ಕೆಳಗಿನ ಮೆಟ್ಟಿಲಿನ ಬಗ್ಗೆ. ಅಲ್ಲಿ ನಿಂತವರೊಡನೆ ಯಾರೂ ರಾಜಿ ಮಾಡಿಕೊಳ್ಳಲಿಲ್ಲ.

ನ್ಯಾಯ ಹೇಳಬೇಕೆಂದರೆ, ಸಾಮಾನ್ಯ ರೈತನ ಹೊಲದ ಮೇಲೆ ಇಂಗ್ಲಿಷರು ಸಾವಿನ ಸುಂಕ ಹಾಕಲಿಲ್ಲ. 1879 ರ ಮುಂಬಯಿ ಭೂಕಂದಾಯ ಕಾನೂನಿನ ಪ್ರಕಾರ ಖಾತೆದಾರ ಸತ್ತರೆ ಹಿರಿಯ ಮಗನ ಅಥವಾ ಬೇರೆ ವಾರಸುದಾರನ ಹೆಸರನ್ನು ಕಲೆಕ್ಟರನೇ ದಾಖಲು ಮಾಡಿಸಬೇಕಾಗಿತ್ತು. ಯಾಕಂದರೆ ಸರಕಾರಕ್ಕೆ ಹೊಲದಿಂದ ಕಂದಾಯ ಬರಬೇಕು. ಕಂದಾಯ ಕೊಡುವವನ ಹೆಸರು ಪುಸ್ತಕದಲ್ಲಿ ಬೇಗನೆ ಏರಿದಷ್ಟೂ ಅದಕ್ಕೇ ಲಾಭ. 1876-78 ರ ಘೋರ ಬರ ಕಳೆದು 1881 ರ ಖಾನೇಸುಮಾರಿ ನಡೆದಾಗ ಅಂದಿನ ಕಲಾದಗಿ ಜಿಲ್ಲೆಯ ಜನಸಂಖ್ಯೆ 1872 ಕ್ಕಿಂತ ಐದನೆಯ ಒಂದು ಪಾಲಿಗೂ ಹೆಚ್ಚು ಇಳಿದಿತ್ತು. ಅಷ್ಟು ಜನ ಅಳಿದ ಸೀಮೆಯಲ್ಲಿ ಖಾತೆಗೆ ಹೊಸ ಹೆಸರು ಹಾಕಿಸುವ ಆತುರ ಸರಕಾರಕ್ಕಿದ್ದುದು ಆಶ್ಚರ್ಯವಲ್ಲ.

ತಾನು ಪಡೆಯಬೇಕಾದಲ್ಲಿ ಹೀಗೆ ವಾರಸುದಾರನನ್ನು ಹುಡುಕಿಕೊಂಡು ಬಂದ ಸರಕಾರ, ವಾರಸುದಾರನು ಪಡೆಯಬೇಕಾದಲ್ಲಿ ಬಾಗಿಲಿಗೆ ಅಡ್ಡ ನಿಂತಿತು. 1870 ರ ನ್ಯಾಯಾಲಯ ಶುಲ್ಕದ ಕಾನೂನನ್ನೂ 1889 ರ ವಾರಸಾ ಪ್ರಮಾಣಪತ್ರದ ಕಾನೂನನ್ನೂ ಒಟ್ಟಿಗೆ ಓದಬೇಕು. ಸತ್ತವನಿಗೆ ಬರಬೇಕಾದ ಸಾಲಕ್ಕಾಗಿ ಅವನ ವಾರಸುದಾರ ದಾವೆ ಹೂಡಿದರೆ, ಪ್ರಮಾಣಪತ್ರವಿಲ್ಲದೆ ನ್ಯಾಯಾಲಯವು ಹುಕುಮನಾಮೆ ಕೊಡಬಾರದು. ಪ್ರಮಾಣಪತ್ರಕ್ಕೆ ಶುಲ್ಕ ನೂರಕ್ಕೆ ಎರಡು. ಒಮ್ಮೆ ಪಡೆದ ಪತ್ರಕ್ಕೆ ಮುಂದೆ ಇನ್ನೊಂದು ಸಾಲವನ್ನು ಸೇರಿಸಬೇಕಾದರೆ ಅದಕ್ಕೆ ನೂರಕ್ಕೆ ಮೂರು. ಶುಲ್ಕದಷ್ಟು ಹಣವನ್ನು ಅರ್ಜಿಯ ಜೊತೆಗೇ ಇಡಬೇಕು. ಅಂದರೆ ಸಾಲ ವಸೂಲಾಗುವುದೋ ಇಲ್ಲವೋ ಎಂದು ತಿಳಿಯುವ ಮೊದಲೇ.

ಇನ್ನು ವಿನಾಯಿತಿಯ ಮಾತು. ಒಂದು ಸಾವಿರ ರೂಪಾಯಿ ಮೀರದ ಆಸ್ತಿಯ ಮೃತ್ಯುಪತ್ರವನ್ನು ನ್ಯಾಯಾಲಯದಲ್ಲಿ ಮಾನ್ಯ ಮಾಡಿಸಲು ಶುಲ್ಕವಿರಲಿಲ್ಲ. ಸಾಲಗಳ ಪ್ರಮಾಣಪತ್ರಕ್ಕೆ ಮಾತ್ರ ಈ ವಿನಾಯಿತಿ ಅನ್ವಯಿಸಲಿಲ್ಲ. ಹೀಗಾಗಿ ಒಂಬೈನೂರು ರೂಪಾಯಿಯ ಆಸ್ತಿಗೆ ಮೃತ್ಯುಪತ್ರ ಬರೆದು ಸತ್ತವನ ಮನೆಯವರು ಏನೂ ಕೊಡಬೇಕಿಲ್ಲ. ನೆರೆಹೊರೆಗೆ ಕೈಗಡ ಕೊಟ್ಟ ಇನ್ನೂರು ರೂಪಾಯಿ ಬಿಟ್ಟು ಸತ್ತವನ ಹೆಂಡತಿ ನಾಲ್ಕು ರೂಪಾಯಿ ಕೊಡಬೇಕು. ಮೃತ್ಯುಪತ್ರ ಬರೆಯಿಸುವವರು ಯಾರು, ಬರೆಯಿಸದವರು ಯಾರು ಎಂಬುದನ್ನು ನಾನು ಬಿಡಿಸಿ ಹೇಳಬೇಕೆ?

ಇದಕ್ಕಿಂತ ದೊಡ್ಡ ಪಕ್ಷಪಾತ ಇನ್ನೊಂದಿದೆ. ಅವಿಭಕ್ತ ಕುಟುಂಬದ ಹಿರಿಯ ಸತ್ತರೆ ಅವನ ಪಾಲು ಉಳಿದ ಗಂಡಸರಿಗೆ ತಾನಾಗಿ ಇಳಿಯುತ್ತದೆಂಬುದು ಮಿತಾಕ್ಷರ ಧರ್ಮಶಾಸ್ತ್ರ. ಸಾಲವು ಕುಟುಂಬದ್ದು ಎಂದು ತೋರಿಸಿದರೆ ಬದುಕುಳಿದ ಅಣ್ಣತಮ್ಮಂದಿರಿಗೂ ಗಂಡುಮಕ್ಕಳಿಗೂ ಪ್ರಮಾಣಪತ್ರವೇ ಬೇಡವೆಂದು ಮುಂಬಯಿಯ ಹೈಕೋರ್ಟು ಹೇಳಿತು. ಹಾಗಾದರೆ ಶುಲ್ಕ ಕೊಟ್ಟವರು ಯಾರು? ಬೇರೆಯಾದ ಅಣ್ಣನ ವಿಧವೆ, ಗಂಡುಮಕ್ಕಳಿಲ್ಲದವನ ಮಗಳು, ದೂರದ ದಾಯಾದಿ. ದೊಡ್ಡ ವಾಡೆಯ ಅವಿಭಕ್ತ ಸಾಹುಕಾರನ ಮನೆಯಲ್ಲಿ ಮೂರು ತಲೆಮಾರು ಸತ್ತರೂ ಬೊಕ್ಕಸಕ್ಕೆ ಒಂದು ಕಾಸು ಬರಲಿಲ್ಲ. ಒಂಟಿ ಹೆಂಗಸಿನ ಮನೆಯಲ್ಲಿ ಒಂದೇ ಸಾವಿಗೆ ಸುಂಕ ಬಿತ್ತು. ವತನದ ಭೂಮಿಯಲ್ಲೂ ಇದೇ ನೀತಿ: 1886 ರ ತಿದ್ದುಪಡಿಯು ಕೊನೆಯ ವತನದಾರನ ವಿಧವೆಯೊಬ್ಬಳ ಹೊರತು ಮನೆತನದ ಉಳಿದ ಹೆಂಗಸರನ್ನೆಲ್ಲ ಗಂಡಸರ ಸಾಲಿನ ಹಿಂದೆ ನಿಲ್ಲಿಸಿತು.

ಇದೇ ಕಾಲದಲ್ಲಿ ಇಂಗ್ಲಿಷರು ತಮ್ಮ ಮನೆಯಲ್ಲಿ ಏನು ಮಾಡುತ್ತಿದ್ದರು? 1894 ರಲ್ಲಿ ಅವರ ಹಣಕಾಸಿನ ಮಂತ್ರಿ ಹಾರ್ಕೋರ್ಟ್ ಹೊಸ ಮೃತ್ಯುಕರ ತಂದ. ನೂರು ಪೌಂಡಿನ ಒಳಗಿನ ಆಸ್ತಿಗೆ ಕರವಿಲ್ಲ. ಅಲ್ಲಿಂದ ಮುಂದೆ ನೂರಕ್ಕೆ ಒಂದರಿಂದ ಏರುತ್ತ ಹತ್ತು ಲಕ್ಷ ಪೌಂಡು ಮೀರಿದವರಿಗೆ ನೂರಕ್ಕೆ ಎಂಟು. ಬಡವನಿಗೆ ಬಿಡುವು, ಜಮೀನುದಾರನಿಗೆ ಭಾರ! ತಮ್ಮ ದೇಶಕ್ಕೆ ಒಂದು ತಕ್ಕಡಿ, ಸಿಂದಗಿಗೆ ಇನ್ನೊಂದು ತಕ್ಕಡಿ. ಆ ದೇಶದ ಪ್ರಭುಗಳು ಈ ಕರಕ್ಕೆ ಹೆದರಿ ಕೂಗಾಡಿದರು. ಇಲ್ಲಿಯ ವಿಧವೆ ಕೂಗಾಡಿದ್ದು ಯಾವ ಪತ್ರಿಕೆಯಲ್ಲಿ ಬರಬೇಕು?

ಇದರ ಮೇಲೆ ದಾರಿಯ ಖರ್ಚು. 1889 ರ ಕಾನೂನು ಅರ್ಜಿಯನ್ನು ಜಿಲ್ಲಾ ನ್ಯಾಯಾಲಯಕ್ಕೆ ಕೊಡಬೇಕೆಂದಿತು. ಕೆಳಗಿನ ನ್ಯಾಯಾಲಯಕ್ಕೆ ಅಧಿಕಾರ ಕೊಡುವುದು ಸರಕಾರದ ಇಚ್ಛೆ. ಜಿಲ್ಲೆಯ ಮುಖ್ಯ ಸ್ಥಳ 1885 ರಲ್ಲಿ ಕಲಾದಗಿಯಿಂದ ವಿಜಾಪುರಕ್ಕೆ ಬಂದಿತ್ತು. ಹೊಟಗಿ–ಗದಗ ರೈಲು ಇಂಡಿಯ ಕಡೆಯವರಿಗೆ ಸ್ವಲ್ಪ ನೆರವಾಗಿರಬಹುದು. ಸಿಂದಗಿಯವರಿಗೂ ಮುದ್ದೇಬಿಹಾಳದವರಿಗೂ ಚಕ್ಕಡಿಯೇ ಗತಿ. ಮಳೆಗಾಲದ ಎರೆಹಾದಿಯಲ್ಲಿ ಚಕ್ಕಡಿಯ ಗಾಲಿ ಹೂತಾಗ ನೂರಕ್ಕೆ ಎರಡರ ಲೆಕ್ಕ ನೂರಕ್ಕೆ ಎಷ್ಟಾಗುತ್ತಿತ್ತೆಂಬುದನ್ನು ಯಾವ ಕಲಮೂ ಬರೆದಿಲ್ಲ.

ಕಾನೂನು ಬಲ್ಲ ನನ್ನ ಮಿತ್ರರೊಬ್ಬರು ಇದಕ್ಕೆ ಸಮಾಧಾನ ಹೇಳುತ್ತಾರೆ. ಪ್ರಮಾಣಪತ್ರವಿಲ್ಲದಿದ್ದರೆ ಸಾಲಗಾರ ಒಬ್ಬ ವಾರಸುದಾರನಿಗೆ ಹಣ ಕೊಟ್ಟಮೇಲೆ ಇನ್ನೊಬ್ಬ ಬಂದು ಕೊರಳಪಟ್ಟಿ ಹಿಡಿಯುತ್ತಾನೆ. ಪತ್ರ ನೋಡಿ ಕೊಟ್ಟವನಿಗೆ ಕಾನೂನಿನ ರಕ್ಷಣೆಯಿದೆ. ಆದುದರಿಂದ ಇದು ಸುಂಕವಲ್ಲ, ಸೇವೆಯ ಬೆಲೆ. ಈ ವಾದದಲ್ಲಿ ಅರ್ಧ ಸತ್ಯವಿದೆ, ನಾನು ಒಪ್ಪುತ್ತೇನೆ. ಪ್ರಮಾಣಪತ್ರ ಬೇಕು, ಬೇಡವೆನ್ನುವವನು ವ್ಯವಹಾರ ತಿಳಿಯದವನು. ಆದರೆ ಸೇವೆಯ ಬೆಲೆಯಾದರೆ ಅದು ಸೇವೆಯ ಖರ್ಚಿನಷ್ಟಿರಬೇಕು. ಇನ್ನೂರು ರೂಪಾಯಿಯ ವಾರಸುದಾರ ಯಾರೆಂದು ತೀರ್ಮಾನಿಸಲು ನ್ಯಾಯಾಧೀಶನಿಗೆ ಎಷ್ಟು ಹೊತ್ತು ಬೇಕೋ ಇಪ್ಪತ್ತು ಸಾವಿರದವನಿಗೂ ಸುಮಾರು ಅಷ್ಟೇ ಹೊತ್ತು. ನೂರಕ್ಕೆ ಇಷ್ಟು ಎಂದು ಕೇಳಿದೊಡನೆ ಅದು ಬೆಲೆಯಾಗಿ ಉಳಿಯುವುದಿಲ್ಲ, ಕರವಾಗುತ್ತದೆ. ಕರವಾದಮೇಲೆ ಇದ್ದವನಿಗೆ ಹೆಚ್ಚು, ಇಲ್ಲದವನಿಗೆ ಕಡಿಮೆ ಎಂಬ ನ್ಯಾಯಕ್ಕೆ ಒಳಗಾಗಬೇಕು. ಸರಕಾರ ಮನಸ್ಸು ಮಾಡಿದರೆ ಸರಳಗೊಳಿಸಲು ಬರುತ್ತಿತ್ತೆಂಬುದಕ್ಕೆ ಅವರದೇ ಸಾಕ್ಷಿಯಿದೆ: ಸರಕಾರಿ ಉಳಿತಾಯ ಬ್ಯಾಂಕಿನಲ್ಲಿಟ್ಟ ಸಣ್ಣ ಮೊತ್ತವನ್ನು ಪ್ರಮಾಣಪತ್ರವಿಲ್ಲದೆಯೇ ವಾರಸುದಾರನಿಗೆ ಕೊಡಲು 1873 ರ ಕಾನೂನು ಅವಕಾಶ ಕೊಟ್ಟಿತ್ತು.

ಸ್ವಾತಂತ್ರ್ಯ ಬಂದಮೇಲೆ ಏನಾಯಿತು? ಇಲ್ಲಿಯೇ ಓದುಗರು ನನ್ನೊಡನೆ ಸ್ವಲ್ಪ ನಿಲ್ಲಬೇಕು. 1953 ರಲ್ಲಿ ಚಿಂತಾಮಣರಾವ್ ದೇಶಮುಖರು ಹಣಕಾಸಿನ ಮಂತ್ರಿಗಳಾಗಿದ್ದಾಗ ಎಸ್ಟೇಟ್ ಡ್ಯೂಟಿಯ ಕಾನೂನು ಬಂತು. ಅಕ್ಟೋಬರ 15 ರಿಂದ ಜಾರಿಯಾಯಿತು. ಒಂದು ಲಕ್ಷದವರೆಗಿನ ಆಸ್ತಿಗೆ ಕರವಿಲ್ಲ; ಅವಿಭಕ್ತ ಕುಟುಂಬದ ಪಾಲಿಗಾದರೆ ಐವತ್ತು ಸಾವಿರದವರೆಗೆ ಇಲ್ಲ. ಅಂದಿನ ಲಕ್ಷವೆಂದರೆ ನಮ್ಮ ನಾಲ್ಕು ತಾಲೂಕುಗಳ ಒಕ್ಕಲುತನದ ಮನೆಗಳಲ್ಲಿ ಎಷ್ಟು ಮನೆಗಳು ಆ ಗೆರೆ ದಾಟುತ್ತಿದ್ದವು? ವಾಡೆಯ ಅವಿಭಕ್ತ ಸಾಹುಕಾರನೂ ಲೆಕ್ಕ ಕೊಡಬೇಕಾಯಿತು, ಇದೇ ಮೊದಲ ಸಲ. ಈ ಕಾನೂನು ನಿರ್ದೋಷವಾಗಿರಲಿಲ್ಲ. ಮುಂದೆ ಅದರ ಮೇಲಿನ ಹಂತದ ದರ ನೂರಕ್ಕೆ 85 ರವರೆಗೆ ಏರಿದ್ದು ಅವಿವೇಕ. ಅಷ್ಟು ಕೇಳಿದರೆ ಮನುಷ್ಯ ಕರ ಕೊಡುವುದಿಲ್ಲ, ವಕೀಲನನ್ನು ಹಿಡಿಯುತ್ತಾನೆ. 1985 ರಲ್ಲಿ ವಿ. ಪಿ. ಸಿಂಗರು ಇದನ್ನು ರದ್ದುಮಾಡಿದಾಗ, ವರ್ಷಕ್ಕೆ ಬರುವುದು ಸುಮಾರು 20 ಕೋಟಿ, ವಸೂಲಿಯ ಖರ್ಚು ಅದಕ್ಕೆ ಹೋಲಿಸಿದರೆ ಹೆಚ್ಚು ಎಂದರು. ಬಾವಿಯಲ್ಲಿ ನೀರು ಕಡಿಮೆಯಾದರೆ ಹೂಳು ತೆಗೆಯುವುದುಂಟು, ಬಾವಿಯನ್ನೇ ಮುಚ್ಚಿದರು.

ಆದರೆ ಇನ್ನೊಂದು ಸುಂಕ? ಅದಕ್ಕೆ ಯಾರೂ ಕೈಹಚ್ಚಲಿಲ್ಲ. 1889 ರ ಕಾನೂನು 1925 ರ ಭಾರತೀಯ ವಾರಸಾ ಕಾನೂನಿನೊಳಗೆ ಹೆಚ್ಚು ಬದಲಾವಣೆಯಿಲ್ಲದೆ ಸೇರಿತು. ಶುಲ್ಕದ ಹಣವನ್ನು ಅರ್ಜಿಯ ಜೊತೆಗೇ ಇಡಬೇಕೆಂಬ ಕಲಮೂ ಅದರೊಡನೆ ಬಂತು. ಅದು ಇಂದಿಗೂ ನಡೆಯುತ್ತಿದೆ. ನಮ್ಮ ರಾಜ್ಯದ 1958 ರ ನ್ಯಾಯಾಲಯ ಶುಲ್ಕದ ಕಾನೂನಿನಲ್ಲಿ ಪ್ರಮಾಣಪತ್ರದ ಶುಲ್ಕಕ್ಕೆ ಸ್ಥಳವಿದೆ. ಹೆಣ್ಣುಮಕ್ಕಳಿಗೆ ಕರ್ನಾಟಕ 1994 ರಲ್ಲಿ, ಕೇಂದ್ರ ಸರಕಾರ 2005 ರಲ್ಲಿ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟವು. ಪಾಲು ಕೊಟ್ಟು, ಪಾಲನ್ನು ಸಿದ್ಧಪಡಿಸುವ ಬಾಗಿಲಿನಲ್ಲಿ ಹಳೆಯ ಸುಂಕದವನನ್ನೇ ಕೂಡಿಸಿದರು.

ನನ್ನ ಮನೆಯದೇ ಒಂದು ಮಾತು. ಬಾಗೇವಾಡಿಯ ಕಡೆಯ ನನ್ನ ಸೋದರತ್ತೆಯ ಗಂಡ ಶಾಲೆಯ ಮಾಸ್ತರರಾಗಿದ್ದರು. ಅವರು ತೀರಿಕೊಂಡಾಗ ಒಂದು ಬ್ಯಾಂಕಿನಲ್ಲಿ ಅವರ ಠೇವಣಿಯಿತ್ತು. ನಾಮಿನಿಯ ಹೆಸರು ಬರೆದಿರಲಿಲ್ಲ. ಮಕ್ಕಳಿಲ್ಲ. ಮೂವತ್ತೆಂಟು ವರ್ಷ ಸಂಸಾರ ಮಾಡಿದ ಅತ್ತೆ ತಾನು ಹೆಂಡತಿಯೆಂದು ತೋರಿಸಲು ಒಂದೂವರೆ ವರ್ಷ ಅಲೆದಳು. ಅಧಿಕಾರಿಗಳು ಕೆಟ್ಟವರಲ್ಲ, ಕುರ್ಚಿ ಕೊಟ್ಟರು, ನೀರು ಕೊಟ್ಟರು, ‘ಕಾಯದೆ ಹಾಗಿದೆ, ತಾಯಿ’ ಎಂದರು. ಕೊನೆಗೆ ಶುಲ್ಕ, ವಕೀಲರ ಫೀ, ಬಸ್ಸಿನ ಖರ್ಚು ಎಲ್ಲ ಕಳೆದು ಹಣ ಕೈಸೇರಿದ ದಿನ ಅವಳು ಕೇಳಿದ ಪ್ರಶ್ನೆ ಒಂದೇ: ‘ಅವರಿಗೆ ತಮ್ಮಂದಿರಿದ್ದು ಮನೆ ಒಂದೇ ಆಗಿದ್ದರೆ ಇಷ್ಟು ಕೇಳತಿದ್ದರೇನು?’ ಹಳೆಯ ಕಾನೂನು ಅವಿಭಕ್ತ ಮನೆಯ ಗಂಡಸರಿಗೆ ಕೊಟ್ಟ ವಿನಾಯಿತಿಯ ಸುದ್ದಿ ಅವಳಿಗೆ ಗೊತ್ತಿರಲಿಲ್ಲ. ಓದದೆಯೇ ಅವಳು ಅದರ ತಿರುಳನ್ನು ಹಿಡಿದಿದ್ದಳು.

ಹೊಲದ ಸ್ಥಿತಿಯೂ ಇಂದು ತಿರುವುಮುರುವಾಗಿದೆ. ಭೂಕಂದಾಯ ಬೊಕ್ಕಸಕ್ಕೆ ಲೆಕ್ಕಕ್ಕಿಲ್ಲದಷ್ಟಾದಮೇಲೆ ಖಾತೆದಾರನ ಹೆಸರು ಬದಲಾಯಿಸುವ ಆತುರ ಸರಕಾರಕ್ಕೆ ಉಳಿಯಲಿಲ್ಲ. ರಾಜ್ಯದಲ್ಲಿ ಲಕ್ಷಗಟ್ಟಲೆ ಹೊಲಗಳ ಉತಾರಗಳು ಇನ್ನೂ ತೀರಿಹೋದ ಅಜ್ಜಂದಿರ ಹೆಸರಿನಲ್ಲಿಯೇ ಇರುವುದರಿಂದ ಪೌತಿ ಖಾತೆಯ ಆಂದೋಲನವನ್ನೇ ನಡೆಸಬೇಕಾಗಿದೆ. ಇದು ಬರಿಯ ಕಾಗದದ ಮಾತಲ್ಲ. ಆಲಮಟ್ಟಿಯ ಅಣೆಕಟ್ಟೆಯಲ್ಲಿ ನೀರಿನ ಮಟ್ಟವನ್ನು 519.60 ರಿಂದ 524.256 ಮೀಟರಿಗೆ ಏರಿಸುವ ಯೋಜನೆಯಿದೆ. ಹಿನ್ನೀರಿಗೆ ಹೊಲ ಹೋಗುವವರಿಗೆ ಪರಿಹಾರ ಬರಬೇಕು. ಉತಾರದಲ್ಲಿ ಹೆಸರಿದ್ದವನು ಸತ್ತು ನಲವತ್ತು ವರ್ಷವಾಗಿದ್ದರೆ ಪರಿಹಾರ ಯಾರ ಕೈಗೆ? ಓಡಾಡಬಲ್ಲ, ಬಲ್ಲವರನ್ನು ಬಲ್ಲ ಗಂಡಸಿನ ಕೈಗೆ ಬೇಗ. ಲಗ್ನವಾಗಿ ದೂರ ಹೋದ ಮಗಳ ಕೈಗೆ ತಡವಾಗಿ, ಇಲ್ಲವೇ ಇಲ್ಲ.

ಆದುದರಿಂದ ನನ್ನ ಬೇಡಿಕೆ ಎರಡೇ. ಮೊದಲನೆಯದು: ವಾರಸುದಾರನೆಂದು ಸಿದ್ಧಪಡಿಸುವುದಕ್ಕೆ ಆಸ್ತಿಯ ಮೇಲೆ ಶೇಕಡಾವಾರು ಶುಲ್ಕವಿರಬಾರದು. ಎಲ್ಲರಿಗೂ ಒಂದೇ ಸಣ್ಣ ಶುಲ್ಕವಿರಲಿ, ಸಣ್ಣ ಮೊತ್ತಗಳಿಗೆ ಅದೂ ಬೇಡ. ಸಾವನ್ನು ದಾಖಲು ಮಾಡಿದ ಕಚೇರಿಯೇ ವಾರಸುದಾರರ ವಿಚಾರಣೆಯನ್ನೂ ಆರಂಭಿಸಲಿ. 1879 ರಲ್ಲಿ ಕಂದಾಯದ ಆಸೆಗೆ ಕಲೆಕ್ಟರ ಮಾಡಿದ ಕೆಲಸವನ್ನು ಪ್ರಜೆಯ ಹಿತಕ್ಕಾಗಿ ಇಂದಿನ ತಹಸೀಲದಾರ ಮಾಡಲಾರನೆ? ಎರಡನೆಯದು: ದೊಡ್ಡ ಆಸ್ತಿಗಳ ಮೇಲಿನ ಮೃತ್ಯುಕರದ ಚರ್ಚೆ ಬಂದಾಗ ‘ಅದು ಬ್ರಿಟಿಷರ ಪದ್ಧತಿ’ ಎಂದು ಬಾಯಿ ಮುಚ್ಚಿಸಬಾರದು. ಆ ಕರ ಬೇಕೆನ್ನುವವರು ವಾದಿಸಲಿ, ಬೇಡವೆನ್ನುವವರೂ ವಾದಿಸಲಿ. ನಾನಂತೂ ಮಿತವಾದ ದರದಲ್ಲಿ ಬೇಕೆನ್ನುವ ಪಕ್ಷ. ಆದರೆ ಇತಿಹಾಸವನ್ನು ತಲೆಕೆಳಗು ಮಾಡಿ ಸಾಕ್ಷಿಗೆ ಕರೆಯುವುದು ಬೇಡ. ಸಿರಿವಂತನ ಸಾವಿನ ಮೇಲೆ ಅವರು ಇಲ್ಲಿ ಕರ ಹಾಕಿದ್ದರೆ ಬಾಗೇವಾಡಿಯ ವಿಧವೆ ಅವರನ್ನು ಅಷ್ಟು ಶಪಿಸುತ್ತಿರಲಿಲ್ಲ.

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂದು ಗಾದೆ. ಗಾದೆ ಹುಟ್ಟಿದ್ದು ಸುಂಕದವನು ಪರರ ಆಳಾಗಿದ್ದ ಕಾಲದಲ್ಲಿ. ಇಂದು ಅವನು ನಮ್ಮ ಆಳು, ನಾವು ಆರಿಸಿದ ಸರಕಾರದ ಆಳು. ಅದಕ್ಕಾಗಿಯೇ ಹೇಳುತ್ತಿದ್ದೇನೆ.